ಕಾರ್ಡ್ ಬದಲಾಸುವಾಗ ಕೈ ಹಾರತೈತ್ರಿ, ಏನ್ ಮಾಡ್ಲಿ?

ನವನಗರ ಪೇಟಿ (ಬಾಗಲಕೋಟೆ):
ನಮಸ್ಕಾರ್ರಿ. ಭಜನಿಗೆ ಪೇಟಿ ಬಾರಿಸ್ತೀನಿ. ಈಗ ಕಾಲೇಜ್ ಹುಡುಗೂರ ಬ್ಯಾಂಡಿನ್ಯಾಗ ಕೀಬೋರ್ಡಿಗೆ ಕುಂಡ್ರಿಸ್ಯಾರ. ಸಿ, ಜಿ, ಎ ಮೈನರ್, ಎಫ್ ಅಂತ ನಾಕ ಕಾರ್ಡ್, ಅಂದ್ರ ಮೂರ್ ಮೂರ್ ಸ್ವರ ಕೂಡಿಸಿ ಒಮ್ಮೆಲೆ ಒತ್ತೂದು. ಬಿಡಿಬಿಡಿಯಾಗಿ ನಾಕೂ ಬರ್ತಾವ. ಆದ್ರ ಒಂದರಿಂದ ಒಂದಕ್ಕ ಹೋಗೂದ್ರಾಗ ಕೈ ಹಾರತೈತಿ, ನಡುವ ಸದ್ದು ಕಡೀತೈತಿ. ಸದ್ದು ಹಿಡಿದಿಡೂ ಪೆಡಲ್ ಒತ್ತಿ ಹಿಡದ್ರ ಎಲ್ಲಾ ಕಲಸಿ ರಾಡಿ.

ವಿಜಯಪುರದಾಂವ:
ದಿನಾ ಸ್ಕೇಲ್ ಬಾರಿಸ್ರಿ, ತಾನ ಸ್ಪೀಡ್ ಬರ್ತದ.

ಟಿಳಕವಾಡಿ ಕೀಸ್ (ಬೆಳಗಾವಿ):
ಸ್ಕೇಲ್ ಬೇಕ ಬೇಕು, ಆದ್ರ ಇಲ್ಲಿ ತೊಂದ್ರಿ ಸ್ಪೀಡಿಂದಲ್ಲ. ಅಣ್ಣಾರು ಪ್ರತಿ ಕಾರ್ಡನ್ನೂ ಅದರ ಹೆಸರಿನ ಸ್ವರದಿಂದನ ಹಿಡೀಲಿಕತ್ತಾರ.

ಪೇಟಿಯವ್ರು ಅಂದ್ರಲ್ಲ, ಬಿಳಿ ಒಂದರ ಸಾ ಇಟ್ಕೊಂಡ ಹೇಳ್ತೀನಿ. ಬಲಗೈ. ಹೆಬ್ಬೆರಳು 1, ಕಿರುಬೆರಳು 5.

ಸಿ ಅಂದ್ರ ಸಾ-ಗ-ಪ, ಬೆರಳು 1-3-5. ಜಿ ಅಂದ್ರ ಪ-ನಿ-ರಿ. ಪ ಮ್ಯಾಲ ಕಿರುಬೆರಳು ಆಗಲೇ ಕುಂತೈತಲ್ರಿ, ಅದನ್ಯಾಕ ಎಬ್ಬಸ್ತೀರಿ? ಹೆಬ್ಬೆರಳು ಸಾದಿಂದ ಕೆಳಗಿನ ನಿಗೆ ಸರೀಲಿ, ತೋರಬೆರಳು ರಿ ಮ್ಯಾಲ ಬರಲಿ. ನಿ-ರಿ-ಪ, 1-2-5. ಇದ ಜಿ ಮೊದಲನೇ ಇನ್ವರ್ಷನ್, ಅಂದ್ರ ಅವ ಮೂರ್ ಸ್ವರ, ಆದ್ರ ಹೆಸರಿನ ಸ್ವರದ ಬದಲಿ ಎರಡನೇದು ತಳದಾಗ. ರಿ ಮತ್ತ ಪ ನಡುವ ಜಾಗಾ ಅಗಲ ಐತಿ, ಅದಕ್ಕ ನಡಬೆರಳು ಬಿಟ್ಟು ತೋರಬೆರಳು.

ಅಲ್ಲಿಂದ ಮೂರೂ ಬೆರಳು ಒಂದೊಂದು ಬಿಳಿ ಮನಿ ಮ್ಯಾಲ ಏರಸ್ರಿ: ಸಾ-ಗ-ಧ. ಎ ಮೈನರ್ ಬಂತು, ಬೆರಳು ಅವ.

ಎಫ್‌ಗೆ ಸಾ, ಧ ಅಲ್ಲೇ ಇರ್ತಾವ. ಗ ಬಿಟ್ಟು ನಡಬೆರಳಿಂದ ಮ. ಸಾ-ಮ-ಧ, 1-3-5, ಎರಡನೇ ಇನ್ವರ್ಷನ್. ತಿರಗಿ ಸಿಗೆ ಬರೂಮುಂದ ಹೆಬ್ಬೆರಳು ಅಲುಗಾಡೂದ ಬ್ಯಾಡ.

ಮೂರೂ ಮನಿ ಒಟ್ಟಿಗೆ ಒತ್ತೂಕಿಂತ ಮೊದ್ಲ ಸದ್ದಿಲ್ದ ಬರೇ ಬೆರಳು ಇಟ್ಟು ನೋಡ್ರಿ. ಪೇಟಿಯವರ ಕಿರುಬೆರಳು ಸ್ವಲ್ಪ ಮೈಗಳ್ಳ, ಅದು ಎದ್ದು ನಿಂತ್ರ ಸಿಟ್ಟಾಗಬ್ಯಾಡ್ರಿ. ಪೆಡಲ್ ಹೊಸಾ ಕಾರ್ಡ್ ಬಿದ್ದಾಗ ಬಿಟ್ಟು, ಕೂಡ್ಲೇ ಮತ್ತ ಒತ್ರಿ.

ನವನಗರ ಪೇಟಿ:
ಕೈ ನಿಂತ ಜಾಗಾದಾಗ ನಿಂತತ್ರಿ! ಆದ್ರ ಕೇಳಾಕ ಒಂಥರಾ ಹಗುರ ಅನಸ್ತೈತಿ. ಎಡಗೈ ಏನ್ ಮಾಡ್ಬೇಕು? ಇಷ್ಟ ವರ್ಷ ಬರೇ ಗಾಳಿ ಹಾಕೇತಿ ಅದು.

ಟಿಳಕವಾಡಿ ಕೀಸ್:
ಹಗುರ ಅನ್ನೂದು ಖರೆ. ಬಲಗೈಯಾಗ ಸಿ ಒಂದ ಬಿಟ್ರ ಹೆಸರಿನ ಸ್ವರ ತಳದಾಗ ಇಲ್ಲಲ್ಲ, ಅದನ್ನ ಎಡಗೈ ಕೊಡಬೇಕು: ಸಾ, ಪ, ಧ, ಮ, ತಳದ ಸಪ್ತಕದಾಗ ಒಂದೊಂದ. ಬ್ಯಾಂಡಿನ್ಯಾಗ ಬಾಸ್ ಗಿಟಾರ್ ಇದ್ರ ಎಡಗೈ ಸುಮ್ನಿರಲಿ, ಇಬ್ರೂ ತಳದಾಗ ಗುದ್ದಿದ್ರ ಗದ್ದಲ ಆಗತೈತಿ.

ವಿಜಯಪುರದಾಂವ:
ಹಾಡೋರು ಡಿ ಶ್ರುತಿ ಬೇಕಂದ್ರ? ಶ್ರುತಿ ಬದಲಾಸೂ ಟ್ರಾನ್ಸ್‌ಪೋಸ್ ಬಟನ್?

ಟಿಳಕವಾಡಿ ಕೀಸ್:
ಸ್ಟೇಜ್ ಮ್ಯಾಲ ಒತ್ರಿ, ಯಾರೂ ಕೇಳಂಗಿಲ್ಲ. ಮನ್ಯಾಗ ಮಾತ್ರ ಡಿದಾಗನ ಬಾರಸ್ರಿ. ಡಿ, ಎ, ಬಿ ಮೈನರ್, ಜಿಗೆ ಅವ ಬೆರಳು, ಅದ ಸರಿದಾಟ. ನಡುವ ಎಫ್ ಶಾರ್ಪ್, ಸಿ ಶಾರ್ಪ್ ಎರಡ ಕರಿ ಮನಿ ಬರ್ತಾವ.