ಅಪ್‌ಡೇಟ್: ಹೊಕ್ಕುಳಿನ ಕೀವಿಗೆ ಕೊನೆಗೂ ಕಾರಣ ಸಿಕ್ಕಿತು

ಹೊಕ್ಕುಳಿನಿಂದ ಕೀವು ಬರುತ್ತಿದೆ, ಮುಲಾಮು ಹಚ್ಚಿದರೆ ನಿಂತು ಮತ್ತೆ ಶುರುವಾಗುತ್ತದೆ, ಏನಿರಬಹುದು ಅಂತ ಮೂರು ತಿಂಗಳ ಹಿಂದೆ ಕೇಳಿದ್ದೆ. ಸ್ಕ್ಯಾನ್ ಮಾಡಿಸಿ ಎಂದು ಒತ್ತಾಯಿಸಿದವರಿಗೆ ಮೊದಲು ಕೈಮುಗಿಯುತ್ತೇನೆ.

ಅಲ್ಟ್ರಾಸೌಂಡ್‌ನಲ್ಲಿ ಹೊಕ್ಕುಳು ಮತ್ತು ಮೂತ್ರಕೋಶದ ನಡುವೆ ಗಂಟು ಕಂಡಿತು. ಸಿಟಿ ಸ್ಕ್ಯಾನ್ ಆದಮೇಲೆ ಹೆಸರು ಗೊತ್ತಾಯಿತು: ಸೋಂಕು ತಗುಲಿದ ಯುರೇಕಲ್ ಸಿಸ್ಟ್. ತಾಯಿಯ ಹೊಟ್ಟೆಯಲ್ಲಿದ್ದಾಗ ಮೂತ್ರಕೋಶದ ತುದಿಯಿಂದ ಹೊಕ್ಕುಳಿಗೆ ಯುರೇಕಸ್ ಎಂಬ ಒಂದು ಕೊಳವೆ ಇರುತ್ತದೆ. ಹುಟ್ಟುವ ಹೊತ್ತಿಗೆ ಅದು ಮುಚ್ಚಿ ನಾರಿನಂತಾಗಬೇಕು. ನನ್ನದು ಪೂರ್ತಿ ಮುಚ್ಚಿರಲಿಲ್ಲ, ಉಳಿದ ಭಾಗ ದ್ರವ ತುಂಬಿದ ಚೀಲದಂತಾಗಿತ್ತು, ಅದೇ ಸಿಸ್ಟ್. 36 ವರ್ಷ ಸುಮ್ನೆ ಇತ್ತು!

ಮೊದಲು ಸೂಜಿ ಹಾಕಿ ಕೀವು ತೆಗೆದು ಆಂಟಿಬಯಾಟಿಕ್ ಕೊಟ್ಟರು. ಆರು ವಾರದ ನಂತರ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್. ಕೀವು ಹೋಯಿತಲ್ಲ, ಅಷ್ಟು ಸಾಕಲ್ವಾ ಎಂದು ಕೇಳಿದೆ. "ಬಿಟ್ಟರೆ ಮತ್ತೆ ಕೀವಾಗಬಹುದು. ದೊಡ್ಡವರಲ್ಲಿ ಅಪರೂಪಕ್ಕೆ ಅಲ್ಲೇ ಕ್ಯಾನ್ಸರ್ ಹುಟ್ಟುವುದೂ ಉಂಟು" ಎಂದರು ಡಾಕ್ಟರ್. ಹಾಗಾಗಿ ಕೊಳವೆಯ ಜೊತೆ ಮೂತ್ರಕೋಶದ ತುದಿಯ ಚೂರನ್ನೂ ತೆಗೆದು ಹೊಲಿದರು. ಒಂದು ವಾರ ಕ್ಯಾತಿಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಇತ್ತು. ಗಾಯದ ನೋವಿಗಿಂತ ಅದೇ ಜಾಸ್ತಿ ಕಾಡಿತು, ರಾತ್ರಿ ಮಗ್ಗುಲು ಬದಲಿಸಲೂ ಭಯ.

ನಿನ್ನೆ ಬಯಾಪ್ಸಿ ವರದಿ ಬಂತು. ಕ್ಯಾನ್ಸರ್ ಇಲ್ಲ. ಅಮ್ಮ ಅದನ್ನು ಎರಡು ಸಲ ಓದಿಸಿ ಕೇಳಿದರು.