ಮರು: ಮೊಲದ ಕರಪತ್ರಕ್ಕೆ ಪದ ಬೇಕು – ‘ಉಪವಾಸ’ ಬೇಡವೇ ಬೇಡ

> ದಾವಣಗೆರೆಯ ಒಂದು ಪಶು ಕ್ಲಿನಿಕ್‌ಗೆ ಕರಪತ್ರ ಅನುವಾದ ಮಾಡುತ್ತಿದ್ದೇನೆ. ದಪ್ಪಗಾದ ಸಾಕುಮೊಲದ ತೂಕ ಇಳಿಸುವುದು ಹೇಗೆ ಅಂತ. ‘ಹೇ’, ‘ಡಯಟ್’, ‘ಓವರ್‌ವೇಟ್’ ಮೂರಕ್ಕೂ ಪದ ಬೇಕು. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗುತ್ತೆ.

ಮೇಡಂ,

ಮೊದಲು ಅವಸರದ್ದು. ಹಿಂದಿನ ಪತ್ರದಲ್ಲಿ ಒಬ್ಬರು ‘ಡಯಟ್’ಗೆ ‘ಉಪವಾಸ’ ಅಥವಾ ‘ಲಂಘನ’ ಹಾಕಿ ಅಂದಿದ್ದಾರೆ. ದಯವಿಟ್ಟು ಹಾಕಬೇಡಿ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಕರುಳಿನ ಓಡಾಟವೇ ನಿಂತುಹೋಗಬಹುದು. ದಪ್ಪ ಮೊಲವಾದರೆ ಲಿವರಿಗೂ ಪೆಟ್ಟು. ಆ ಪದ ನಂಬಿ ಯಾರಾದರೂ ಬಟ್ಟಲು ಎತ್ತಿಟ್ಟರೆ ಒಂದು ಜೀವ ಹೋಗುತ್ತದೆ. ‘ಪಥ್ಯ’ ಅನ್ನಿ. ಪಥ್ಯ ಅಂದರೆ ಊಟ ಬಿಡುವುದಲ್ಲ, ಇದು ತಿನ್ನು, ಅದು ಬಿಡು ಅಂತ. ಸಂಸ್ಕೃತದ್ದು ಅನ್ನುವ ತಕರಾರು ನನಗೆ ಬೇಡ. ಬಾಣಂತಿಗೆ ಅಡುಗೆ ಮಾಡುವ ಯಾವ ಅಜ್ಜಿಗೂ ಅದು ಹೊರಗಿನ ಪದ ಅನಿಸಿಲ್ಲ.

ಈಗ ‘ಹೇ’. ‘ಒಣಹುಲ್ಲು’ ನಿಘಂಟಿನಲ್ಲಿ ಸರಿ, ನಮ್ಮ ಕಡೆ ತಪ್ಪು. ಭದ್ರಾ ಕಾಲುವೆಯ ಊರುಗಳಲ್ಲಿ ಒಣಹುಲ್ಲು ಕೇಳಿ ನೋಡಿ, ಬಣವೆಯಿಂದ ಭತ್ತದ ಹುಲ್ಲು ಹಿರಿದು ಕೊಡುತ್ತಾರೆ. ಅದು ಕಾಳು ಬಡಿದ ಮೇಲೆ ಉಳಿದದ್ದು, ಸತ್ವ ಕಡಿಮೆ. ಮೊಲಕ್ಕೆ ಬೇಕಾದದ್ದು ಹಸಿರಿದ್ದಾಗಲೇ ಕೊಯ್ದು ಒಣಗಿಸಿದ ಹುಲ್ಲು. ನಾನೇ ಹೀಗೆ ಮೋಸಹೋದೆ. ಎಲ್ಲೋ ‘ಒಣಹುಲ್ಲು’ ಅಂತ ಓದಿ ಭತ್ತದ ಹುಲ್ಲು ತಂದು ಹಾಕಿದೆ. ನಮ್ಮ ಮೊಲ ಮೂಸಿ ನೋಡಿ ಅದರ ಮೇಲೆ ಮಲಗಿತು. ಸಂಜೆ ನಾವು ಮಂಡಕ್ಕಿ ಹಚ್ಚಿಕೊಂಡು ಕೂತರೆ ಮುಂಗಾಲೆತ್ತಿ ನಿಲ್ಲುತ್ತಿತ್ತು, ಸುಮ್ನೆ ಒಂದು ಹಿಡಿ ಹಾಕುತ್ತಿದ್ದೆವು. ತೂಕ 3 ಕೆಜಿ 200 ಗ್ರಾಂ ಮುಟ್ಟಿತು. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗುತ್ತಿರಲಿಲ್ಲ. ಬಗ್ಗಲಾಗದೆ ತನ್ನ ಮೆತ್ತನೆ ಹಿಕ್ಕೆಯನ್ನೂ ತಿನ್ನಲಾರದೆ, ಅದು ಬಾಲದ ಕೆಳಗೆ ಅಂಟಿಕೊಳ್ಳುತ್ತಿತ್ತು. (ಇದಕ್ಕೆ ‘ಮಲಭಕ್ಷಣೆ’ ಅಂತ ಬರೆದು ಜನರನ್ನು ಹೆದರಿಸಬೇಡಿ. ಮೊಲಕ್ಕೆ ಅದು ಬೇಕೇ ಬೇಕು.) ಮಂಡಕ್ಕಿ ನಿಲ್ಲಿಸಿದೆವು. ಗರಿಕೆ ಕೊಯ್ದು ಒಣಗಿಸಿ ತಿಂದಷ್ಟೂ ಹಾಕಿದೆವು. ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ಅಳೆದು ಕೊಟ್ಟು, ವಾರಕ್ಕೊಮ್ಮೆ ತೂಗುತ್ತಿದ್ದೆವು. ಐದು ತಿಂಗಳಿಗೆ 2 ಕೆಜಿ 600ಕ್ಕೆ ಬಂತು.

ಆದ್ದರಿಂದ ಮೊದಲ ಸಲ ‘ಹಸಿರಿದ್ದಾಗ ಕೊಯ್ದು ಒಣಗಿಸಿದ ಹುಲ್ಲು, ಭತ್ತದ ಹುಲ್ಲಲ್ಲ’ ಅಂತ ಉದ್ದಕ್ಕೇ ಬರೆಯಿರಿ. ಜಾಗ ಹೋದರೆ ಹೋಗಲಿ. ಆಮೇಲೆ ‘ಒಣಗಿಸಿದ ಹುಲ್ಲು’ ಸಾಕು. ‘ಮೇವು’ ಬೇಡ, ಚಳ್ಳಕೆರೆ ಕಡೆಯವರಿಗೆ ಅದರಲ್ಲಿ ಶೇಂಗಾ ಹೊಟ್ಟೂ ಬಂತು.

‘ಟಿಮೊಥಿ’ ಅನ್ನುವ, ಒಣಗಿಸಿ ಮೊಲಕ್ಕೆ ಹಾಕುವ ಹುಲ್ಲಿಗೂ ಅಚ್ಚಗನ್ನಡ ಪದ ಕಟ್ಟಬೇಕು ಅಂದವರಿಗೆ: ಅದು ಟಿಮೊಥಿ ಹ್ಯಾನ್ಸನ್ ಅನ್ನುವ ಅಮೆರಿಕದ ರೈತನ ಹೆಸರು. ಮನುಷ್ಯನ ಹೆಸರನ್ನು ಅನುವಾದ ಮಾಡುವುದಿಲ್ಲ. ಅಂಗಡಿಯ ಪ್ಯಾಕೆಟ್ ಮೇಲೂ ಅದೇ ಇರುತ್ತದೆ.

ಇನ್ನು ‘ಓವರ್‌ವೇಟ್’. ‘ಕೊಬ್ಬಿದ ಮೊಲ’ ಖಂಡಿತ ಬೇಡ. ನಮ್ಮ ಕೊಬ್ಬು ಹಳಗನ್ನಡದ ಕೊರ್ಬು, ಕೊರ್ವು. ತಮಿಳಿನ ಕೊೞುಪ್ಪು ಇದರ ನೆಂಟ. ಎರಡೂ ಕಡೆ ನೆಣವೂ ಹೌದು, ಸೊಕ್ಕೂ ಹೌದು. ‘ಎಷ್ಟು ಕೊಬ್ಬು ನಿನಗೆ’ ಅಂತ ಬೈಯುತ್ತೇವಲ್ವಾ? ಕ್ಲಿನಿಕ್‌ಗೆ ಬಂದವರಿಗೆ ಆ ಮಾತು ಕೇಳಿಸಬಾರದು. ‘ತೂಕ ಜಾಸ್ತಿಯಾದ ಮೊಲ’ ಅನ್ನಿ. ‘ಜಾಸ್ತಿ’ ಅರಬಿ ಮೂಲದ್ದು, ‘ಹೆಚ್ಚು’ ಹಾಕಿ ಅನ್ನುವವರು ಹಾಕಿಕೊಳ್ಳಲಿ, ಒಳ್ಳೆಯ ಪದವೇ. ಆದರೆ ಎರವಲು ಅಂದ ಕೂಡಲೇ ಭಾಷೆ ಮುಳುಗಿತು ಅನ್ನಬೇಡಿ. ಅಮೆರಿಕದ ಬೆಳೆಗೆ ನಮ್ಮ ರೈತರು ತಮ್ಮ ಜೋಳದ ಹೆಸರನ್ನೇ ಸೇರಿಸಿ ಮೆಕ್ಕೆಜೋಳ ಅಂದರು, ದಾವಣಗೆರೆ ಜಿಲ್ಲೆ ತುಂಬ ಬೆಳೆದರು.

ಹಾಂ, ಮೇಡಂ, ‘ಕೊಡಬಾರದ್ದು’ ಪಟ್ಟಿಯಲ್ಲಿ ಮಂಡಕ್ಕಿ ಜೊತೆ ಮೆಕ್ಕೆಜೋಳವನ್ನೂ ಸೇರಿಸಿ. ಇಲ್ಲಿ ಮೊದಲು ಕೈಗೆ ಸಿಗುವುದು ಅವೆರಡೇ. ಪ್ರೂಫ್ ಕಳಿಸಿ, ಎಷ್ಟು ಹೊತ್ತಾದರೂ ನೋಡಿಕೊಡುತ್ತೇನೆ.