ಚೌಕಾಸಿ ಏಜೆಂಟ್ ಕ್ರಯ ಇಳಿಸುವುದೇ ಇಲ್ಲ, ಏನು ಮಾಡಲಿ?

ಅಡಿಕೆತೋಟ (ಬದಿಯಡ್ಕ):
ಆನ್‌ಲೈನ್‌ನಲ್ಲಿ ಅಡಿಕೆ ಮಾರಲು ಪೈಥಾನ್‌ನಲ್ಲಿ ಚೌಕಾಸಿ ಏಜೆಂಟ್ (ತಾನೇ ಕ್ರಯ ಮಾತಾಡುವ ಪ್ರೋಗ್ರಾಂ) ಬರೆದಿದ್ದೇನೆ. ಕ್ಯೂ-ಲರ್ನಿಂಗ್, ಅಂದರೆ ಮಾಡಿ ನೋಡಿ, ಸಿಕ್ಕ ಲಾಭದಿಂದ ಕಲಿಯುವ ವಿಧಾನ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಕಿಲೋಗೆ 450 ಎಂದು ಶುರು ಮಾಡುತ್ತದೆ, 380ಕ್ಕಿಂತ ಕೆಳಗೆ ಕೊಡಬಾರದು, ಒಟ್ಟು 10 ಸುತ್ತು. ಇದು ಪರೀಕ್ಷೆಗೆ ಹಾಕಿದ ಕ್ರಯ ಅಷ್ಟೆ. ನನ್ನದೇ ಖರೀದಿ ಏಜೆಂಟ್ ಜೊತೆ ಕಲಿಸುವಾಗ ಕೊನೆಯ ಸುತ್ತಿನಲ್ಲಿ ವ್ಯಾಪಾರ ಕುದುರುತ್ತದೆ. ಪೆರ್ಲದ ಗೆಳೆಯನ ಏಜೆಂಟ್ ಆರನೇ ಸುತ್ತಿಗೇ ಎದ್ದು ಹೋಗುತ್ತದೆ. ಅಲ್ಲಿವರೆಗೂ ನನ್ನದು 440ರಿಂದ ಇಳಿಯುವುದಿಲ್ಲ. ವ್ಯಾಪಾರ ಮುರಿದರೆ ದೊಡ್ಡ ದಂಡ ಹಾಕಲಾ?

ಕುಂಬಳೆ_ಕೋಡ್:
ದಂಡ ಬೇಡವೇ ಬೇಡ. ಮುರಿದರೆ ಮೈನಸ್ 20 ಅಂತ ಇಟ್ಟರೆ, 370ಕ್ಕೆ ಕೊಟ್ಟು 10 ರೂಪಾಯಿ ಕಳೆದುಕೊಳ್ಳುವುದೇ ಅದಕ್ಕೆ ವಾಸಿ ಅನಿಸುತ್ತದೆ. 380ರ ಮಿತಿಯನ್ನು ಕೋಡ್‌ನಲ್ಲೇ ಕಟ್ಟಿಹಾಕಿದರೂ 381ಕ್ಕೆ ಹೂಂ ಅನ್ನುವ ಪುಕ್ಕಲ ಏಜೆಂಟ್ ಸಿಗುತ್ತದೆ. ರೈತನ ಪರವಾಗಿ ಕೂರುವ ಏಜೆಂಟ್ ಹಾಗಿರಬಾರದು, ಅಲ್ವಾ? ಮುರಿದರೆ ಸೊನ್ನೆ ಇರಲಿ.

ನಿಜವಾದ ತೊಂದರೆ, ಕಾಯುವುದಕ್ಕೆ ಅದು ಏನೂ ತೆರುತ್ತಿಲ್ಲ. ಅರ್ಥಶಾಸ್ತ್ರಜ್ಞ ರೂಬಿನ್‌ಸ್ಟೈನ್ 1982ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: ತಡವಾದಷ್ಟೂ ಲಾಭ ಕರಗುತ್ತದೆ ಎಂದಾದರೆ, ಯಾರಿಗೆ ಎಷ್ಟು ತಾಳ್ಮೆ ಎಂಬುದರ ಮೇಲೆ ಪಾಲು ನಿಲ್ಲುತ್ತದೆ. ಸಿಕ್ಕ ಲಾಭವನ್ನು ಪ್ರತಿ ಸುತ್ತಿಗೂ 0.95ರಿಂದ ಗುಣಿಸಿ. ಉಳಿದ ಸುತ್ತುಗಳೆಷ್ಟು ಎಂಬುದು ಸ್ಟೇಟ್‌ನಲ್ಲಿ (ಏಜೆಂಟ್ ನಿರ್ಧರಿಸುವ ಮುಂಚೆ ನೋಡುವ ಮಾಹಿತಿಯಲ್ಲಿ) ಇದೆಯಾ ನೋಡಿ.

ಇನ್ನೊಂದು, ಎರಡೂ ಏಜೆಂಟ್‌ಗಳು ಒಟ್ಟಿಗೇ ಕಲಿತಿವೆ. ಹಾಗಾಗಿ ಒಂದರ ಅಭ್ಯಾಸಕ್ಕೆ ಇನ್ನೊಂದು ಒಗ್ಗಿಹೋಗಿದೆ. 2017ರಲ್ಲಿ ಫೇಸ್‌ಬುಕ್ ಸಂಶೋಧಕರಿಗೂ ಇಂಥದ್ದೇ ಎದುರಾಗಿತ್ತು. ಎರಡೂ ಕಡೆ ಕಲಿಯಲು ಬಿಟ್ಟಾಗ ಏಜೆಂಟ್‌ಗಳ ಮಾತು ಮನುಷ್ಯರ ಭಾಷೆಯಿಂದ ದೂರ ಸರಿಯಿತು. ಅವರು ಒಂದು ಕಡೆಯದನ್ನು ಬದಲಾಗದಂತೆ ಇಟ್ಟರು. ನೀವು ಕೊನೆಯವರೆಗೂ ಬಿಗಿಹಿಡಿಯುವವನು, ಬೇಗ ಸಡಿಲಿಸುವವನು, ನಡುವೆ ಎದ್ದು ಹೋಗುವವನು, ಹೀಗೆ ಬೇರೆ ಬೇರೆ ಖರೀದಿದಾರರನ್ನು ಬೆರೆಸಿ ಕಲಿಸಿ. ಒಬ್ಬನನ್ನು ಪರೀಕ್ಷೆಗೆಂದೇ ತೆಗೆದಿಡಿ.

ಅಡಿಕೆತೋಟ:
ಅಣ್ಣ, ಉಳಿದ ಸುತ್ತುಗಳ ಲೆಕ್ಕ ಸ್ಟೇಟ್‌ನಲ್ಲಿ ಇರಲಿಲ್ಲ, ಸೇರಿಸಿದೆ. ಈಗ ಗೆಳೆಯನ ಏಜೆಂಟ್ ಜೊತೆ ನಾಲ್ಕನೇ ಸುತ್ತಿಗೇ ಮುಗಿಯುತ್ತದೆ. ಆದರೆ 400ರ ಹತ್ತಿರವೇ ಒಪ್ಪಿಬಿಡುತ್ತದೆ.

ಕುಂಬಳೆ_ಕೋಡ್:
ಅವಸರ ಜಾಸ್ತಿಯಾಗಿದೆ. 0.95 ಇದ್ದದ್ದನ್ನು 0.98 ಮಾಡಿ. ಎದುರಿನವನು ಹಿಂದಿನ ಸುತ್ತಿನಲ್ಲಿ ಎಷ್ಟು ಏರಿಸಿದ ಎಂಬುದನ್ನೂ ಸ್ಟೇಟ್‌ಗೆ ಸೇರಿಸಿ. ಅವನು ಏರಿಸುತ್ತಾ ಇದ್ದರೆ ಸುಮ್ನೆ ಕಾಯಬಹುದು ಎಂದು ಆಗ ಕಲಿಯುತ್ತದೆ. ಆದರೆ ಸ್ಟೇಟ್ ದೊಡ್ಡದಾಗುತ್ತದೆ. ಕ್ರಯವನ್ನು 5 ರೂಪಾಯಿಯ ಮೆಟ್ಟಿಲುಗಳಾಗಿ ಒಡೆಯಿರಿ, ಇಲ್ಲದಿದ್ದರೆ ಪ್ರತಿ ಸ್ಟೇಟ್‌ನಲ್ಲಿ ಕಲಿತದ್ದನ್ನು ಬರೆದಿಡುವ ಟೇಬಲ್ ತುಂಬುವುದೇ ಇಲ್ಲ.